ಚೀಟಿ ಅಂಟಿಸೋಕೆ ಹತ್ತು ವರ್ಷ

ಐರ್ಲೆಂಡ್ ಸರ್ಕಾರದ ತಾಳ್ಮೆಯನ್ನು ಮೆಚ್ಚಲೇಬೇಕು. ಮದ್ಯದ ಬಾಟಲಿಗೆ ಎಚ್ಚರಿಕೆಯ ಚೀಟಿ ಅಂಟಿಸಬೇಕು ಅಂತ 2018ರಲ್ಲೇ ಕಾನೂನು ಮಾಡಿದರು. ಚೀಟಿಯಲ್ಲಿ ಏನಿರಬೇಕು ಅನ್ನುವ ನಿಯಮಕ್ಕೆ ಸಹಿ ಬಿದ್ದದ್ದು 2023ರಲ್ಲಿ. 2026ರ ಮೇ ತಿಂಗಳಿಂದ ಅಂಟಿಸಬೇಕಿತ್ತು. ಅಷ್ಟರಲ್ಲಿ ಸುಂಕ, ವ್ಯಾಪಾರ, ಜಗತ್ತಿನ ಪರಿಸ್ಥಿತಿ ಅಂತೆಲ್ಲ ಹೇಳಿ 2028ಕ್ಕೆ ದೂಡಿದ್ದಾರೆ. ಎರಡು ಸಾಲು ಬರೆಯೋದು ಅಂದ್ರೆ ಸುಮ್ನೆನಾ?

ಸಾಲುಗಳಾದರೂ ಎಂಥವು? ಕುಡಿದರೆ ಲಿವರ್ ಕಾಯಿಲೆ ಬರುತ್ತದೆ. ಮದ್ಯಕ್ಕೂ ಜೀವ ತೆಗೆಯುವ ಕ್ಯಾನ್ಸರಿಗೂ ನೇರ ನಂಟಿದೆ. ಅಷ್ಟೇ. ಇದೇನು ಬಿಸಿ ಬಿಸಿ ಸುದ್ದಿಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿ, ಕ್ಯಾನ್ಸರ್ ತರುವುದು ಖಚಿತ ಅನ್ನುವ ಮೊದಲ ಗುಂಪಿಗೆ ಮದ್ಯ ಸೇರಿದ್ದೇ 1988ರಲ್ಲಿ. ತಂಬಾಕೂ ಅದೇ ಪಂಕ್ತಿಯಲ್ಲಿ ಕೂತಿದೆ. ಆದರೆ ಬಡಿಸುವವರ ಕೈ ಬೇರೆ. ಎಷ್ಟೋ ದೇಶಗಳಲ್ಲಿ ಸಿಗರೇಟಿಗೆ ಕೊಳೆತ ಬಾಯಿಯ ಫೋಟೋ, ಬಾಟಲಿಗೆ ಚಿನ್ನದ ಅಕ್ಷರ, ದ್ರಾಕ್ಷಿ ಗೊಂಚಲು.

ಲಿವರ್ ಅಂದೆನಲ್ಲ, ಅದರಷ್ಟು ಮರ್ಯಾದಸ್ಥ ಅಂಗ ಇನ್ನೊಂದಿಲ್ಲ. ಹಲ್ಲು ನೋಡಿ. ಒಂದು ಹುಳುಕಾದರೆ ಸಾಕು, ರಾತ್ರಿಯಿಡೀ ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸುತ್ತದೆ. ಲಿವರ್ ಹಾಗಲ್ಲ. ಮೊದಲು ಕೊಬ್ಬು ತುಂಬಿಕೊಳ್ಳುತ್ತದೆ. ಆಮೇಲೆ ಊದುತ್ತದೆ. ಆಮೇಲೆ ಒಳಗೊಳಗೇ ಗಾಯ ಕಟ್ಟಿ ಗಟ್ಟಿಯಾಗುತ್ತದೆ. ಅಷ್ಟೂ ವರ್ಷ ತುಟಿ ಪಿಟಕ್ ಅನ್ನುವುದಿಲ್ಲ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗಲೇ ಮನೆಯವರಿಗೆ ಗೊತ್ತಾಗೋದು. ವಿಪರೀತ ಕುಡಿಯುವವನಿಗೆ ಇಷ್ಟಾಗಲು ಹತ್ತು ವರ್ಷ ಸಾಕಾಗಬಹುದು. ಚೀಟಿಗೂ ಹತ್ತೇ ವರ್ಷ! 2018ರಲ್ಲಿ ಗ್ಲಾಸ್ ಹಿಡಿದು ಕೂತವನು, 2028ರಲ್ಲಿ ಚೀಟಿ ಓದಿ, ಬರೆದಿರೋದೆಲ್ಲ ನಿಜ ಅಂತ ತಾನೇ ಸಾಕ್ಷಿ ಹೇಳಬಹುದು.

'ಜವಾಬ್ದಾರಿಯಿಂದ ಕುಡಿಯಿರಿ' ಅನ್ನುವ ಸಾಲಿಗೆ ಮಾತ್ರ ಯಾರೂ ಗಡುವು ಕೇಳಲಿಲ್ಲ. ಜಾಹೀರಾತಿನ ಮೂಲೆಯಲ್ಲಿ ಅದು ಯಾವತ್ತೋ ಬಂದು ಕೂತಿದೆ. ಲಾಭ ಕಂಪನಿಗೆ, ತೆರಿಗೆ ಸರ್ಕಾರಕ್ಕೆ, ಜವಾಬ್ದಾರಿ ಕುಡಿಯುವವನಿಗೆ. ಎಷ್ಟು ಚೆಂದದ ಪಾಲು, ಅಲ್ವಾ?

ನಗು ಇಲ್ಲಿಗೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019 ಒಂದೇ ವರ್ಷ ಮದ್ಯದಿಂದ ಸತ್ತವರು 26 ಲಕ್ಷ. ಅದರಲ್ಲಿ 20 ಲಕ್ಷ ಗಂಡಸರು. ಲಿವರ್, ಕ್ಯಾನ್ಸರ್, ಹೃದಯ, ಅಪಘಾತ ಎಲ್ಲ ಸೇರಿ. ಒಂದು ಕಾಗದದ ಚೂರು ಅಂಟಿಸೋಕೆ ಸುಂಕದ ನೆಪ ಹೇಳುವವರಿಗೆ ಈ ಅಂಕಿ ಕಾಣೋದೇ ಇಲ್ವಾ? ಸತ್ತವರೆಲ್ಲ ಕುಡಿದವರೂ ಅಲ್ಲ. ಯಾರೋ ಕುಡಿದು ಓಡಿಸಿದ ಗಾಡಿಗೆ ಸಿಕ್ಕಿ, ರಸ್ತೆ ಬದಿಯಲ್ಲಿ ನಡೆಯುತ್ತಿದ್ದವರೂ ಸತ್ತಿದ್ದಾರೆ. ಅವರು ಯಾವ ಬಾಟಲಿಯ ಚೀಟಿ ಓದಬೇಕಿತ್ತು?