ಮೇಲೆ ಇಪ್ಪತ್ತು

ಮೊನ್ನೆ ಸಂಜೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದಾಗ ಮಳೆ ಹಿಡಿದುಕೊಂಡಿತು. ಹೂವಿನವಳ ನೀಲಿ ಪ್ಲಾಸ್ಟಿಕ್ ಹಾಳೆಯ ಕೆಳಗೆ ಅರ್ಧ ಮೈ ತೂರಿಸಿ ನಿಂತೆ. ಉಳಿದರ್ಧ ನೆನೆಯುತ್ತಿತ್ತು. ನೆನೆಯುತ್ತಿದ್ದ ಕಡೆಯ ಕೈಯಲ್ಲೇ ಫೋನು. ಪದ್ಮನಾಭನಗರಕ್ಕೆ ಆಟೋ ಬೇಕು ಎಂದು ಒತ್ತಿದೆ. ನಾಲ್ಕು ಕಿಲೋಮೀಟರು, 72 ರೂಪಾಯಿ ಎಂದಿತು. ಸರಿ ಎಂದೆ. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಆಮೇಲೆ ಆ್ಯಪ್ ಬಲು ವಿನಯದಿಂದ ಕೇಳಿತು. ಟಿಪ್ಸ್ ಸೇರಿಸುತ್ತೀರಾ? ಬೇಗ ಆಟೋ ಸಿಗಬಹುದು. ಕೆಳಗೆ ಮೂರು ಗುಂಡಿಗಳು: 10, 20, 30.

ಆಟೋ ಇನ್ನೂ ಬಂದಿಲ್ಲ. ಡ್ರೈವರ್ ಯಾರೋ ಗೊತ್ತಿಲ್ಲ. ಅವರು ಮೆತ್ತಗೆ ಓಡಿಸುತ್ತಾರೋ, ಹಂಪ್ ಬಂದರೆ ಎಗರಿಸುತ್ತಾರೋ, ದಾರಿಯುದ್ದಕ್ಕೂ ಹೆಂಡತಿಯ ಜೊತೆ ಫೋನಿನಲ್ಲಿ ಜಗಳವಾಡುತ್ತಾರೋ, ಒಂದೂ ಗೊತ್ತಿಲ್ಲ. ಮೊದಲು ಟಿಪ್ಸ್ ಇಡು ಅಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತಿದ್ದ ನಾವು ಈಗ ಕುಲಾವಿಗೆ ಮುಂಗಡ ಕಟ್ಟುತ್ತಿದ್ದೇವೆ.

ಅದೇ ಹೊತ್ತಿಗೆ ಹೂವಿನವಳು ನನ್ನ ಮಲ್ಲಿಗೆ ಅಳೆಯುತ್ತಿದ್ದಳು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಎರಡು ಮೊಳ. ಆಮೇಲೆ ದಾರ ಕತ್ತರಿಸುವ ಮುಂಚೆ ನನ್ನ ಮುಖ ನೋಡಿ ಇನ್ನೂ ನಾಲ್ಕು ಬೆರಳು ಮುಂದಕ್ಕೆ ಎಳೆದು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. ಕೊಸರು! ನಾನು ಕೇಳಿರಲಿಲ್ಲ. ನಾಲ್ಕೇ ಬೆರಳಾದರೂ ಮಳೆಯಲ್ಲೂ ಮನಸ್ಸಿಗೆ ಹಿತವಾಯಿತು. ಕೊಸರಿನ ನಿಯಮವೇ ಅದಲ್ವಾ? ಮೊದಲು ಅಳತೆ, ಆಮೇಲೆ ಕೊಸರು. ಕೊಸರನ್ನೇ ಮೊದಲು ಅಳೆದುಕೊಟ್ಟು, ಹೂವು ಸಿಕ್ಕರೆ ಕೊಡ್ತೀನಿ, ನಿಂತಿರಿ ಎಂದರೆ ಯಾರು ನಿಲ್ಲುತ್ತಾರೆ?

ನಾನು ನಿಂತಿದ್ದೆ.

ಈ ಸಿಟ್ಟು ನನ್ನೊಬ್ಬನದೇ ಅಲ್ಲ. 2025ರ ಮೇ ತಿಂಗಳಲ್ಲಿ ಈ ಮುಂಗಡ ಟಿಪ್ಸ್ ವಿಚಾರ ದೆಹಲಿಗೂ ಮುಟ್ಟಿತ್ತು. ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿಯವರು, ನಮ್ಮ ಧಾರವಾಡದ ಸಂಸದರೇ, ಟಿಪ್ಸ್ ಅಂದರೆ ಕೆಲಸ ಆದ ಮೇಲೆ ಮೆಚ್ಚಿ ಕೊಡುವಂಥದ್ದು, ಹಕ್ಕಿನಿಂದ ಕೇಳುವಂಥದ್ದಲ್ಲ ಎಂಬರ್ಥದ ಮಾತಾಡಿದರು. ಒಂದು ಕಂಪನಿಗೆ ನೋಟಿಸೂ ಹೋಯಿತು. ಪೇಪರಿನಲ್ಲಿ ಓದಿ ಖುಷಿಪಟ್ಟೆ. ಮಳೆ ಬಂದಾಗ ಗುಂಡಿಗಳು ಮತ್ತೆ ನನ್ನೆದುರಿಗೇ ಇದ್ದವು.

ಹಾಗೆ ನೋಡಿದರೆ ಬೆಂಗಳೂರಿಗೆ ಇದು ಹೊಸದೇನಲ್ಲ. ಆ್ಯಪ್ ಹುಟ್ಟುವ ಎಷ್ಟೋ ಮುಂಚೆಯೇ ಆಟೋದವರು ಕೈ ಆಡಿಸಿ "ಮೀಟರ್ ಮೇಲೆ ಇಪ್ಪತ್ತು ಕೊಡಿ" ಎನ್ನುತ್ತಿದ್ದರು. ಕಾರಣವೂ ಸಿದ್ಧವಿರುತ್ತಿತ್ತು. "ವಾಪಸ್ ಖಾಲಿ ಬರಬೇಕು ಸಾರ್." ಪದ್ಮನಾಭನಗರದಿಂದ ಖಾಲಿ, ಮಲ್ಲೇಶ್ವರದಿಂದ ಖಾಲಿ, ಕೆ.ಆರ್. ಪುರದಿಂದಲೂ ಖಾಲಿ. ಆಟೋ ಖಾಲಿ ವಾಪಸ್ ಬರದ ಏರಿಯಾವನ್ನು ಈ ಊರಿನಲ್ಲಿ ನಾನಿನ್ನೂ ಕಂಡಿಲ್ಲ. ಊರ ತುಂಬಾ ಇಷ್ಟೊಂದು ಖಾಲಿ ಆಟೋಗಳು ವಾಪಸ್ ಬರುತ್ತಿದ್ದರೆ ನನಗೆ ಯಾಕೆ ಒಂದೂ ಸಿಗುವುದಿಲ್ಲ?

ಡ್ರೈವರ್‌ಗಳನ್ನು ಬೈಯುವುದು ಸುಲಭ. ಗ್ಯಾಸಿಗೆ ಕ್ಯೂ, ಗಾಡಿಯ ಸಾಲದ ಕಂತು, ಸಿಲ್ಕ್ ಬೋರ್ಡಿನಲ್ಲಿ ನಿಂತರೆ ನಿಂತಲ್ಲೇ. ಅವರ ಜಾಗದಲ್ಲಿ ನಾನಿದ್ದರೆ ಮೇಲೆ ಐವತ್ತು ಕೇಳುತ್ತಿದ್ದೆನೋ ಏನೋ. ಆದರೂ ಕೇಳುವುದಕ್ಕೂ ಕೊಡುವುದಕ್ಕೂ ಒಂದು ಕ್ರಮ ಬೇಡವೇ?

ಮುಂಚೆ ಆ ಕ್ರಮವನ್ನು ಚಿಲ್ಲರೆ ನೋಡಿಕೊಳ್ಳುತ್ತಿತ್ತು. ಮಿನಿಮಮ್ 25 ರೂಪಾಯಿ ಇದ್ದ ಕಾಲದಲ್ಲಿ ಮೂರು ಹತ್ತರ ನೋಟು ಕೊಟ್ಟರೆ "ಐದು ಚಿಲ್ಲರೆ ಇಲ್ಲ ಸಾರ್" ಎನ್ನುತ್ತಿದ್ದರು. ಪರವಾಗಿಲ್ಲ ಬಿಡಿ ಎನ್ನುತ್ತಿದ್ದೆವು. ಐದು ರೂಪಾಯಿ ಟಿಪ್ಸ್ ಆಯಿತು. ಕೊಟ್ಟವನಿಗೆ ಧಾರಾಳಿ ಎಂಬ ಹೆಮ್ಮೆ, ತಗೊಂಡವನಿಗೆ ಕೇಳಲಿಲ್ಲ ಎಂಬ ಮರ್ಯಾದೆ. 2021ರ ಡಿಸೆಂಬರಿನಲ್ಲಿ 30 ಮಾಡಿದರು. ಮೂರು ನೋಟು ಕೊಟ್ಟರೆ ಲೆಕ್ಕ ಚುಕ್ತಾ. ಎಷ್ಟೋ ಡ್ರೈವರ್‌ಗಳ ಕಾಫಿ ಅಲ್ಲೇ ನಿಂತುಹೋಗಿರಬೇಕು. 2025ರ ಆಗಸ್ಟ್ 1ರಿಂದ 36 ಆಯಿತು. ಮೊದಲಿನ ಕಾಲವಾಗಿದ್ದರೆ ನಲವತ್ತು ಕೊಟ್ಟು ನಾಲ್ಕು ಬಿಡುತ್ತಿದ್ದೆವು. ಒಳ್ಳೆಯ ಸಂಖ್ಯೆ. ಆದರೆ ಅಷ್ಟರಲ್ಲಿ ಸ್ಕ್ಯಾನರ್ ಬಂದು ಕೂತಿತ್ತು. ಈಗ ಸ್ಕ್ಯಾನ್ ಮಾಡಿ ಮೂವತ್ತಾರೇ ಒತ್ತಬಹುದು. ಒತ್ತಿದ ತಕ್ಷಣ ಡ್ರೈವರ್ ಪಕ್ಕದ ಡಬ್ಬಿ ಬೀದಿಗೆಲ್ಲ ಕೇಳುವ ಹಾಗೆ ಮೂವತ್ತಾರು ರೂಪಾಯಿ ಬಂತು ಎಂದು ಕೂಗುತ್ತದೆ. ಜಿಪುಣತನಕ್ಕೆ ಇಂಥ ಡಂಗುರ ಹಿಂದೆ ಇರಲಿಲ್ಲ.

ನ್ಯೂಜೆರ್ಸಿಯಿಂದ ಬಂದಿದ್ದ ಅಣ್ಣನ ಮಗ ಇದಕ್ಕೊಂದು ಪರಿಹಾರ ಹೇಳಿದ. ಇಪ್ಪತ್ತು ಪರ್ಸೆಂಟ್ ಕೊಟ್ಟುಬಿಡಿ ಚಿಕ್ಕಪ್ಪ, ತಲೆನೋವಿಲ್ಲ. ಮೂವತ್ತಾರಕ್ಕೆ ಇಪ್ಪತ್ತು ಪರ್ಸೆಂಟ್ ಅಂದರೆ 7 ರೂಪಾಯಿ 20 ಪೈಸೆ. ಆ ಇಪ್ಪತ್ತು ಪೈಸೆಯನ್ನು ಎಲ್ಲಿಂದ ತರಲಿ ಎಂದು ಕೇಳಿದೆ. ಅವನು ಇಪ್ಪತ್ತು ಪೈಸೆಯನ್ನು ನೋಡಿಯೇ ಇರಲಿಲ್ಲ.

ನಮ್ಮ ಮನೆತನದಲ್ಲಿ ಟಿಪ್ಸ್ ವಿಚಾರದಲ್ಲಿ ಗೊಂದಲವೇ ಇಲ್ಲದ ಮನುಷ್ಯ ಅಂದರೆ ಸಾಗರದ ಕಡೆಯ ನನ್ನ ಸೋದರಮಾವ. ಕೊಡುವುದಿಲ್ಲ, ಅಷ್ಟೇ. ಮೂವತ್ತು ವರ್ಷ ಸೊಸೈಟಿಯಲ್ಲಿ ಅಡಿಕೆ ತೂಗಿದವರು. ಯಾರಿಗೂ ಒಂದು ಅಡಿಕೆ ಜಾಸ್ತಿ ಹಾಕಿದವರಲ್ಲ, ಕಡಿಮೆಯನ್ನೂ ಹಾಕಿದವರಲ್ಲ. ಹೋದ ವರ್ಷ ಆಟೋ ದರ ಏರಿದಾಗ ಪೇಪರಿನಲ್ಲಿ ಬಂದ ಪಟ್ಟಿಯನ್ನು ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಪರ್ಸಿನಲ್ಲಿ ಅತ್ತೆಯ ಫೋಟೋ ಇದ್ದ ಜಾಗದಲ್ಲಿ ಇಟ್ಟುಕೊಂಡರು. ಬೆಂಗಳೂರಿಗೆ ಬರುವುದು ವರ್ಷಕ್ಕೊಮ್ಮೆ.

2025ರ ದೀಪಾವಳಿ ಕಳೆದ ವಾರ ಬಂದರು. ರಾತ್ರಿ ಬಸ್ಸು ಮೆಜೆಸ್ಟಿಕ್ಕಿನಲ್ಲಿ ಇಳಿಸಿದಾಗ ಬೆಳಗಿನ ಜಾವ 4 ಗಂಟೆ 35 ನಿಮಿಷ. ಜೊತೆಗೆ ಒಂದು ಗೋಣಿಚೀಲದಲ್ಲಿ ಮೂವತ್ತು ತೆಂಗಿನಕಾಯಿ. ಮೂವತ್ತೇ ಯಾಕೆ ಅಂದರೆ, ಆಟೋದಲ್ಲಿ 20 ಕೆಜಿ ತನಕ ಲಗೇಜು ಫ್ರೀ. ಮನೆಯಲ್ಲೇ ತೂಗಿ ನೋಡಿದ್ದರು. ಹತ್ತೊಂಬತ್ತೂವರೆ.

ಆಟೋದವರೂ ವಯಸ್ಸಾದವರು. ಪದ್ಮನಾಭನಗರಕ್ಕೆ 350 ಎಂದರು. ಮಾವ ಮೀಟರ್ ಎಂದರು. ಹಾಗಾದರೆ ಒಂದೂವರೆ ಆಗತ್ತೆ ಎಂದರು ಅವರು. ಮಾವ ಪರ್ಸು ತೆಗೆದು ಪಟ್ಟಿ ತೋರಿಸಿದರು. ಒಂದೂವರೆ ಇರುವುದು ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ.

"ಇನ್ನು ಇಪ್ಪತ್ತೈದು ನಿಮಿಷ. ಕೂತಿರ್ತೀನಿ."

ಬೇರೆ ಡ್ರೈವರ್ ಆಗಿದ್ದರೆ ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಇವರಿಗೂ ಅದೇನು ಹಠವೋ. "ಕೂತ್ಕೊಳಿ. ನಾನೂ ಕೂತಿರ್ತೀನಿ" ಎಂದರಂತೆ.

ಮಾವ ಚೀಲದ ಮೇಲೆ, ಅವರು ಹ್ಯಾಂಡಲ್ ಹಿಂದೆ. ಟೀ ಮಾರುವವನು ಬಂದ. ಇಬ್ಬರೂ ಕುಡಿದರು, ಅವರವರ ದುಡ್ಡು ಅವರವರು ಕೊಟ್ಟರು. ಮಾವನ ಕೈಯಲ್ಲಿ ಎಚ್‌ಎಂಟಿ ವಾಚು. ಅದನ್ನು ಅವರು ಎಂದಿಗೂ ಐದು ನಿಮಿಷ ಮುಂದೆ ಇಟ್ಟಿರುತ್ತಾರೆ, ಬಸ್ಸು ತಪ್ಪಬಾರದು ಅಂತ. "ಐದಾಯ್ತು, ನಡೀರಿ" ಎಂದು ಎದ್ದರು. ಡ್ರೈವರ್ ಫೋನು ತೋರಿಸಿದರು. 4:55. ಮಾವ ಮತ್ತೆ ಕೂತರು. ಆ ಐದು ನಿಮಿಷ ಇಬ್ಬರೂ ಮಾತೇ ಆಡಲಿಲ್ಲ ಎಂದು ಆಮೇಲೆ ಮಾವನೇ ಹೇಳಿದರು.

ಐದಕ್ಕೆ ಸರಿಯಾಗಿ ಮೀಟರ್ ಬಿತ್ತು. ಚೀಲ ಎತ್ತಿಡುವಾಗ ಡ್ರೈವರ್ ಸೊಂಟ ಹಿಡಿದುಕೊಂಡು ನಿಂತರು. "ಇದು ಇಪ್ಪತ್ತು ಕೆಜಿ ಮೇಲಿದೆ. ಲಗೇಜಿಗೆ ಹತ್ತು ರೂಪಾಯಿ."

ಮಾವನಿಗೆ ಯಾರಾದರೂ ಒಂದೂವರೆ ಕೇಳಿದರೆ ತಡೆದುಕೊಳ್ಳುತ್ತಾರೆ. ತೂಕದ ಬಗ್ಗೆ ಅನುಮಾನಪಟ್ಟರೆ ತಡೆದುಕೊಳ್ಳುವುದಿಲ್ಲ. ದಾರಿಯಲ್ಲೇ ಕೆ.ಆರ್. ಮಾರ್ಕೆಟ್. ಆ ಹೊತ್ತಿಗೆ ಅಲ್ಲಿ ಹೂವಿನ ಮೂಟೆ, ಸೊಪ್ಪಿನ ಲಾರಿ, ಕೂಗಾಟ ಎಲ್ಲಾ ಶುರುವಾಗಿರುತ್ತದೆ. ಆಟೋ ನಿಲ್ಲಿಸಿ, ಈರುಳ್ಳಿ ಮಂಡಿಯವನೊಬ್ಬನ ಕಾಲು ಹಿಡಿದು, ಇಬ್ಬರೂ ಸೇರಿ ಚೀಲವನ್ನು ಅವನ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟರು. ಕೆಂಪು ಅಂಕಿಗಳು ಕುಣಿದು ನಿಂತವು. 20 ಕೆಜಿ 700 ಗ್ರಾಂ.

ಮಾವ ಬಗ್ಗಿ ತಕ್ಕಡಿಯ ಕಾಲು ನೋಡಿದರು. ನೆಲ ಸಮ ಇಲ್ಲ ಎಂದರು. ಮಂಡಿಯವನು ನೆಲ ತೋರಿಸಿದ, ಸಮ ಇತ್ತು. ಮಾವ ಸುಮ್ನೆ ಚೀಲದ ಬಾಯಿ ಬಿಚ್ಚಿ ಒಂದು ಕಾಯಿ ತೆಗೆದರು. 20 ಕೆಜಿ 50 ಗ್ರಾಂ. ಸುತ್ತ ನಾಲ್ಕು ಜನ ಸೇರಿದ್ದರು. ಇನ್ನೊಂದು ತೆಗೆದರು. 19 ಕೆಜಿ 400 ಗ್ರಾಂ. ಈಗ ಆ ಎರಡು ಕಾಯಿಗಳನ್ನು ಏನು ಮಾಡುವುದು? ಆಟೋದೊಳಗೆ ತಂದರೆ ಲಗೇಜು. ಬಿಟ್ಟು ಬರಲು ಮನಸ್ಸಿಲ್ಲ. ಡ್ರೈವರ್ ಕೈಗೆ ಕೊಟ್ಟು ಇದು ನಿಮ್ಮದು ಎಂದರು. ನಿಮ್ಮ ಸಾಮಾನು ನಿಮ್ಮ ಗಾಡಿಯಲ್ಲಿ ಇದ್ದರೆ ನಾನ್ಯಾಕೆ ದುಡ್ಡು ಕೊಡಲಿ? ಇದಿಷ್ಟೂ ನಾಲ್ಕು ನಿಮಿಷದಲ್ಲಿ ಮುಗಿಯಿತಂತೆ. ಐದು ನಿಮಿಷದ ತನಕ ವೇಯ್ಟಿಂಗೂ ಫ್ರೀ.

ಆ ತಿಂಗಳು ನಮ್ಮ ಬೀದಿಯ ಅಂಗಡಿಯಲ್ಲಿ ಒಂದು ತೆಂಗಿನಕಾಯಿಗೆ ನಲವತ್ತು ರೂಪಾಯಿ. ಹತ್ತು ರೂಪಾಯಿ ಉಳಿಸಲು ಎಂಬತ್ತು ರೂಪಾಯಿಯ ಕಾಯಿ ಹೋಯಿತು. ಮಾವನಿಗೆ ಇದನ್ನು ಹೇಳಿ ನೋಡಿದ್ದೇನೆ. "ಅದು ಟಿಪ್ಸ್ ಅಲ್ಲ ಮಾರಾಯ, ಭಾರ ಇಳಿಸಿದ್ದು" ಎನ್ನುತ್ತಾರೆ.

ನಾನು ಬಾಗಿಲು ತೆಗೆದಾಗ ಗೇಟಿನ ಹತ್ತಿರ ಇಬ್ಬರೂ ನಿಂತಿದ್ದರು. ಮೀಟರಿನಲ್ಲಿ 144. ಮಾವ 150 ಕೊಟ್ಟು ಕೈ ಚಾಚಿಕೊಂಡೇ ಇದ್ದರು. ಡ್ರೈವರ್ ಖಾಕಿ ಜೇಬಿನಿಂದ ಒಂದೊಂದಾಗಿ ಆರು ನಾಣ್ಯ ತೆಗೆದು ಆ ಅಂಗೈಯಲ್ಲಿ ಎಣಿಸಿ ಇಟ್ಟರು. ಚಿಲ್ಲರೆ ಇಲ್ಲ ಎನ್ನಲಿಲ್ಲ. ಅವರ ಸೀಟಿನ ಪಕ್ಕ ಎರಡು ಕಾಯಿಗಳು ಜುಟ್ಟು ಮೇಲೆ ಮಾಡಿಕೊಂಡು ಕೂತಿದ್ದವು.

ಮಾವ ಚೀಲ ಎಳೆದುಕೊಂಡು ಒಳಗೆ ಹೋದರು. ನನಗೆ ನಾಚಿಕೆ. ಬೆಳಗಿನ ಜಾವದಲ್ಲಿ ಆ ಮನುಷ್ಯನನ್ನು ಇಷ್ಟು ಸತಾಯಿಸಿದ್ದಾರೆ. ಓಡಿಹೋಗಿ ಇಪ್ಪತ್ತರ ನೋಟು ಕೊಟ್ಟೆ. ಅವರು ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು.

"ಇದು ಯಾವುದಕ್ಕೆ ಸಾರ್? ವೇಯ್ಟಿಂಗ್‌ಗಾ?"

ಏನು ಹೇಳಬೇಕೋ ತೋಚಲಿಲ್ಲ. ಹ್ಞೂಂ ಎಂದೆ. ಜೇಬಿಗೆ ಹಾಕಿಕೊಂಡು ಹೊರಟುಹೋದರು.

ಒಳಗೆ ಬಂದರೆ ಮಾವ ಚೀಲ ಸುರಿದು ಎಣಿಸುತ್ತಿದ್ದರು. ಇಪ್ಪತ್ತೆಂಟು ಕಾಯಿಗಳ ನಡುವೆ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಡಬ್ಬಿ. ಅತ್ತೆ ಹೊರಡುವಾಗ ಕೊನೇ ಗಳಿಗೆಯಲ್ಲಿ ತುರುಕಿದ್ದಿರಬೇಕು. ಮಾವ ಅದನ್ನು ಕೈಯಲ್ಲೇ ಎತ್ತಿ ತೂಗಿದರು. "ಒಂದು ಕೇಜಿ ಇನ್ನೂರು ಗ್ರಾಂ" ಎಂದರು. ಊರಿಗೆ ಹೋಗುವ ತನಕ ಆ ಉಪ್ಪಿನಕಾಯಿ ಮುಟ್ಟಲಿಲ್ಲ.

ಎಲ್ಲಿದ್ದೆ? ಪ್ಲಾಸ್ಟಿಕ್ ಹಾಳೆಯ ಕೆಳಗೆ. ಮಳೆ ಇನ್ನೂ ಜೋರಾಗಿತ್ತು. ಹತ್ತು ಒತ್ತಿದರೆ ಅವಮಾನ ಮಾಡಿದ ಹಾಗೆ, ಮೂವತ್ತು ಒತ್ತಿದರೆ ನಾನೇ ಮೂರ್ಖ. ನಾನು ಇಪ್ಪತ್ತು ಒತ್ತಿದೆ. ಎಲ್ಲರೂ ಇಪ್ಪತ್ತನ್ನೇ ಒತ್ತುತ್ತಾರೆ ಅಂತ ಕಾಣುತ್ತದೆ, ಅದಕ್ಕೇ ಅದನ್ನು ನಡುವೆ ಇಟ್ಟಿದ್ದಾರೆ. ಒಂದೇ ನಿಮಿಷದಲ್ಲಿ ಆಟೋ ಬಂತು. ಎಲ್ಲಿಂದ ಅಂತೀರಿ? ರಸ್ತೆಯ ಆ ಕಡೆಯಿಂದ. ಅಷ್ಟು ಹೊತ್ತೂ ಅಲ್ಲೇ, ಒಂದು ಮರದ ಕೆಳಗೆ ನಿಂತಿತ್ತು.

ಡ್ರೈವರ್ ಹುಡುಗ. ಒಳ್ಳೆಯವನೇ. ಹಂಪ್‌ಗಳಲ್ಲಿ ನಿಧಾನ ಮಾಡಿದ, ನೀರು ಎರಚಬಾರದು ಅಂತ ಎರಡೂ ಕಡೆ ಪರದೆ ಇಳಿಸಿದ, ಫೋನಿನಲ್ಲಿ ಯಾರ ಜೊತೆಗೂ ಜಗಳವಾಡಲಿಲ್ಲ. ಇಂಥವನಿಗೆ ಇಳಿಯುವಾಗ ಖುಷಿಯಿಂದ ಇಪ್ಪತ್ತು ಕೊಡಬಹುದಿತ್ತು. ಆದರೆ ಕೊಟ್ಟಾಗಿತ್ತಲ್ಲ, ಅದೂ ಅವನ ಮುಖ ನೋಡುವ ಮುಂಚೆ. ಪದ್ಮನಾಭನಗರ ಬರುವ ಹೊತ್ತಿಗೆ ನನಗೆ ಅವನ ಮೇಲೆ ಪ್ರೀತಿಯೂ ಇತ್ತು, ಸಿಟ್ಟೂ ಇತ್ತು.

ಗೇಟಿನ ಹತ್ತಿರ ಇಳಿದು ಫೋನು ತೆಗೆದೆ. 72, ಮೇಲೆ 20. ತೊಂಬತ್ತೆರಡು.

"ರೌಂಡ್ ಫಿಗರ್ ನೂರು ಮಾಡ್ಬಿಡಿ ಸಾರ್" ಎಂದ ಹುಡುಗ, ನಗುತ್ತಲೇ.

ನಾನು ತೊಂಬತ್ತೆರಡೇ ಒತ್ತಿದೆ. ತೊಂಬತ್ತೆರಡು ರೂಪಾಯಿ ಎಂದು ಡಬ್ಬಿ ಕೂಗಿತು. ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ಹುಡುಗ ಏನೂ ಅನ್ನದೆ ಗಾಡಿ ತಿರುಗಿಸಿಕೊಂಡು ಹೋದ. ಖಾಲಿ. ನಾನು ಮೆಟ್ಟಿಲು ಹತ್ತುತ್ತಾ ಲೆಕ್ಕ ಹಾಕಿದೆ. ಎಂಟು ರೂಪಾಯಿ ಅಂದರೆ ಒಂದು ತೆಂಗಿನಕಾಯಿಯಲ್ಲಿ ಐದನೇ ಒಂದು ಪಾಲು. ಒಂದು ಹೋಳೂ ಇಲ್ಲ.