ತುಂಬದ ಹೊಂಡ

ನಮ್ಮ ಕಡೆ ಮನೆ ಕಟ್ಟಿದವ್ರೆಲ್ಲ ಹೆಮ್ಮೆಯಲ್ಲಿ ಹೇಳುವ ಒಂದು ಮಾತುಂಟು, "ನಮ್ಮ ಟಾಯ್ಲೆಟ್ ಹೊಂಡ 20 ವರ್ಷ ಆಯ್ತು ಮಾರಾಯ್ರೆ, ಒಂದೇ ಒಂದು ಸಲ ತುಂಬ್ಲಿಲ್ಲ". ನಾನೂ ಹೇಳ್ತಿದ್ದೆ. ಉಡುಪಿ ಜಿಲ್ಲೆಯ ಹಿರಿಯಡ್ಕ ಹತ್ರ ನಾವು 2009ರಲ್ಲಿ ಮನೆ ಕಟ್ಟಿದಾಗ ಮೇಸ್ತ್ರಿ ಸಿಮೆಂಟಿನ ರಿಂಗ್ ಒಂದ್ರ ಮೇಲೆ ಒಂದು ಇಳಿಸಿ, ಅಡಿಗೆ ಎಂತದೂ ಹಾಕದೆ ಮೇಲೆ ಚಪ್ಪಡಿ ಮುಚ್ಚಿ "ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದ್ರ ತಲೆಬಿಸಿ ಇಲ್ಲ" ಅಂತ ಹೇಳಿ ಹೋದ. ಪ್ಲಾನಿನಲ್ಲಿ ಅದ್ರ ಹೆಸ್ರು ಸೆಪ್ಟಿಕ್ ಟ್ಯಾಂಕ್. ಹೀಗೇ ಒಂದು ದಿನ ಊಟಕ್ಕೆ ಕೂತಾಗ ಇದನ್ನೇ ಯಾರಿಗೋ ಹೇಳ್ತಾ ಇದ್ದೆ, ಸಿವಿಲ್ ಇಂಜಿನಿಯರಿಂಗ್ ಓದುವ ಅಕ್ಕನ ಮಗಳು ಪಕ್ಕದಲ್ಲೇ ಇದ್ಲು, ಬಡಿಸಿದ ಸಾರು ಹಾಗೇ ಬಿಟ್ಟು ಕೇಳಿದ್ಲು, "ತುಂಬ್ಲಿಲ್ಲ ಅಂದ್ರೆ ಅದ್ರೊಳಗೆ ಇದ್ದದ್ದು ಎಲ್ಲಿಗೆ ಹೋಯ್ತು ಮಾಮ?"

ಊಟದ ಹೊತ್ತಲ್ಲಿ ಕೇಳುವ ಪ್ರಶ್ನೆಯಾ ಅದು. ಆದ್ರೆ ಅವ್ಳು ಸುಮ್ಮನೆ ಕೇಳಿದ್ದಲ್ಲ. ಹೋದ ವರ್ಷ ಜುಲೈಯಲ್ಲಿ ನನ್ನ ಮಗನಿಗೂ ತಮ್ಮನ ಮಗಳಿಗೂ ಒಂದೇ ವಾರದಲ್ಲಿ ಕಾಮಾಲೆ ಬಂದಿತ್ತು. ಡಾಕ್ಟ್ರು ರಕ್ತ ನೋಡಿ ಹೆಪಟೈಟಿಸ್ ಎ ಅಂದ್ರು, ಮಲ ಸೇರಿದ ನೀರು, ಆಹಾರದಿಂದ ಹರಡುವ ಲಿವರಿನ ಕಾಯಿಲೆ. ನಾವು ಯಾರಿಗೆ ಬೈದದ್ದು ಅಂದ್ರೆ ಹಿಂದಿನ ವಾರ ಹೋದ ಮದುವೆಯ ಐಸ್‌ಕ್ರೀಮಿಗೆ. ಆಮೇಲೆ ಗೊತ್ತಾದದ್ದು, ಈ ವೈರಸ್ ಹೊಟ್ಟೆಗೆ ಹೋದ್ಮೇಲೆ ಕಣ್ಣು ಹಳದಿ ಆಗ್ಲಿಕ್ಕೆ 2ರಿಂದ 7 ವಾರ ಬೇಕು, ಸರಾಸರಿ 4 ವಾರ. ಅಂದ್ರೆ ನಾವು ನೋಡ್ಬೇಕಾದದ್ದು ಜೂನ್ ತಿಂಗಳನ್ನ, ಅಂದ್ರೆ ಮೊದಲ ಮಳೆಗೆ ಬಾವಿ ತುಂಬಿ ಬಂದ ಹೊತ್ತನ್ನ. ಪಾಪ, ಐಸ್‌ಕ್ರೀಮ್.

ಅಮ್ಮ ಅಂತೂ ಬಾವಿಯ ಮೇಲೆ ಒಂದು ಮಾತು ಬರ್ಲಿಕ್ಕೆ ಬಿಡುದಿಲ್ಲ. "ಇದೇ ನೀರು ಕುಡಿದೇ ಅಲ್ವಾ ನಾವು ಬದುಕಿದ್ದು, ನಮಗೆ ಯಾರಿಗೆ ಎಂತಾಗಿದೆ?" ಅದೂ ಸರಿಯೇ, ಅವ್ರಿಗೆ ಆಗ್ಲಿಲ್ಲ. ಆದ್ರೆ ಹೆಪಟೈಟಿಸ್ ಎ ಸಣ್ಣ ಮಕ್ಕಳಿಗೆ ಬಂದ್ರೆ ಹೆಚ್ಚಿನ ಸಲ ಬಂದದ್ದೂ ಗೊತ್ತಾಗುದಿಲ್ಲ, ಒಂದು ಜ್ವರ ಬಂದು ಹೋಗಿರ್ತದೆ, ಆಮೇಲೆ ಜೀವನಪೂರ್ತಿ ರಕ್ಷಣೆ. ನಮ್ಮ ಹಿರಿಯರಿಗೆ 4-5 ವರ್ಷದಲ್ಲೇ ಬಂದು ಹೋಗಿರ್ಬೇಕು ಅಷ್ಟೆ. ಈಗಿನ ಮಕ್ಕಳು ಚೊಕ್ಕದಲ್ಲಿ ಬೆಳೆದು 17ನೇ ವರ್ಷಕ್ಕೆ ಮೊದಲ ಸಲ ಅದಕ್ಕೆ ಎದುರಾಗುದು, ಆಗ ಮಲಗಿಸಿಬಿಡ್ತದೆ. ಅಂದ್ರೆ ಅಮ್ಮನ ಗಟ್ಟಿ ಆರೋಗ್ಯ ಬಾವಿ ಚೊಕ್ಕ ಇದ್ದದ್ದಕ್ಕೆ ಸಾಕ್ಷಿ ಅಲ್ಲವೇ ಅಲ್ಲ, ಆಗ್ಲೂ ಅದ್ರಲ್ಲಿ ಇತ್ತು ಅನ್ನುದಕ್ಕೇ ಸಾಕ್ಷಿ ಇರ್ಬಹುದು. ಇದನ್ನ ಅಮ್ಮನಿಗೆ ಹೇಳುವ ಧೈರ್ಯ ನನಗೆ ಇಲ್ಲ, ಇಲ್ಲಿ ಬರೀತಾ ಇದ್ದೇನೆ, ಅವ್ರು ಫೇಸ್‌ಬುಕ್‌ನಲ್ಲಿ ಇಲ್ಲ.

ಕಾಮಾಲೆ ಸುದ್ದಿ ಹೇಗೆ ಹಬ್ಬಿತೋ, ಎರಡೇ ವಾರದಲ್ಲಿ ಆರ್‌ಓ ಅಂತ ನೀರು ಶುದ್ಧ ಮಾಡುವ ಮೆಷಿನ್ ಮಾರುವ ಒಬ್ಬ ಜನ ಬ್ಯಾಗ್ ಹಿಡ್ಕೊಂಡು ಅಂಗಳಕ್ಕೆ ಬಂದ. ಎರಡು ಗ್ಲಾಸ್, ಒಂದ್ರಲ್ಲಿ ನಮ್ಮ ಬಾವಿ ನೀರು, ಇನ್ನೊಂದ್ರಲ್ಲಿ ಅವನ ಮೆಷಿನ್ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಮುಳುಗಿಸಿದ. ಎರಡು ನಿಮಿಷದಲ್ಲಿ ನಮ್ಮ ನೀರು ಕೆಂಪು ಕಂದು ಆಗಿ ಗಸಿ ಗಸಿ, ಅವಂದು ಹಾಗೇ ತಿಳಿ. ಅತ್ತಿಗೆ ಅಂತೂ ಬಾಯಿಗೆ ಸೆರಗು ಹಿಡಿದ್ರು. ಅಡ್ವಾನ್ಸ್ ಕೊಡುದೊಂದೇ ಬಾಕಿ. ಅಷ್ಟೊತ್ತಿಗೆ ಅಕ್ಕನ ಮಗಳು ಒಳಗಿಂದ ಒಂದು ಚಿಟಿಕೆ ಉಪ್ಪು ತಂದು ಅವನ ಚೊಕ್ಕ ನೀರಿಗೆ ಹಾಕಿ "ಈಗ ಕಡ್ಡಿ ಹಾಕಿ ಅಣ್ಣ" ಅಂದ್ಲು. ಅದು ನಮ್ಮದಕ್ಕಿಂತ ಜಾಸ್ತಿ ಕಂದು ಆಯ್ತು! ವಿಷಯ ಇಷ್ಟೇ, ಕಡ್ಡಿ ಕಬ್ಬಿಣದ್ದು, ನೀರಲ್ಲಿ ಸ್ವಲ್ಪ ಲವಣ ಇದ್ರೆ ಕರೆಂಟ್ ಹರೀತದೆ, ಕಬ್ಬಿಣ ಕರಗಿ ತುಕ್ಕು ಬರ್ತದೆ, ಆರ್‌ಓ ನೀರಲ್ಲಿ ಲವಣ ತೀರಾ ಕಮ್ಮಿ, ಕರೆಂಟ್ ಹರಿಯುದೂ ತೀರಾ ಕಮ್ಮಿ, ತುಕ್ಕು ಕಾಣುದಿಲ್ಲ. ನಾವು ನೋಡಿದ ಕೊಳಕು ಕಡ್ಡಿಯದ್ದು, ಬಾವಿಯದ್ದಲ್ಲ. ತಮಾಷೆ ಎಂತ ಅಂದ್ರೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಾವಿಗಳಲ್ಲಿ ಲವಣ ಮೊದಲೇ ಕಮ್ಮಿ, ನಮ್ಮದ್ರ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿದ ಲವಣದ ಅಳತೆ, ಬರೀ 40. ಹೊಳೆ ಬದಿಯಲ್ಲಿ ಬೇಸಿಗೆಗೆ ಉಪ್ಪುನೀರು ನುಗ್ಗುವ ಬಾವಿ ಆದ್ರೆ ಕಥೆ ಬೇರೆ. ಇಲ್ಲಿ ಲವಣ ತೆಗೀಲಿಕ್ಕೆ ಮೆಷಿನ್ ಯಾಕೆ? ರೋಗಾಣು ಇದ್ರೆ ಟಿಡಿಎಸ್ ಮೀಟರಿಗೆ ಅದು ಕಾಣುದೇ ಇಲ್ಲ.

ರೋಗಾಣು ನೋಡ್ಲಿಕ್ಕೆ ಅವ್ಳು ಕಾಲೇಜಿಂದ ತಂದದ್ದು ಒಂದು ಸಣ್ಣ ಬಾಟ್ಲಿ. ಒಳಗೆ ಒಣಗಿದ ಕಾಗದದ ಪಟ್ಟಿ, ಬೇರೆ ಎಂತದೂ ಇಲ್ಲ. ಬಾವಿ ನೀರು ಗೆರೆವರೆಗೆ ತುಂಬಿಸಿ ಮುಚ್ಚಿ ಒಂದು ದಿನ ಇಡ್ಬೇಕು, ಹೊಟ್ಟೆಯಿಂದ ಬಂದ ಬ್ಯಾಕ್ಟೀರಿಯ ಇದ್ರೆ ಅದು ಹೈಡ್ರೋಜನ್ ಸಲ್ಫೈಡ್ ಮಾಡಿ ಪಟ್ಟಿಯಲ್ಲಿದ್ದ ಕಬ್ಬಿಣದ ಜೊತೆ ಸೇರಿ ನೀರೆಲ್ಲ ಮಸಿಯ ಹಾಗೆ ಕಪ್ಪು. ಇದನ್ನ ಕಂಡುಹಿಡಿದದ್ದು ಯಾವುದೋ ಅಮೆರಿಕದವ್ರಲ್ಲ, ಮಂಜ, ಮೌರ್ಯ, ರಾವ್ ಅಂತ ಮೂವರು ಭಾರತೀಯರು, 1982ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಲ್ಯಾಬ್ ಬೇಡ, ಇನ್‌ಕ್ಯುಬೇಟರ್ ಬೇಡ, 30 ಡಿಗ್ರಿ ಆಸುಪಾಸು ಬಿಸಿ ಸಾಕು, ನಮ್ಮ ಕರಾವಳಿಯಲ್ಲಿ ಅದಕ್ಕೆ ಬರ ಉಂಟಾ! ನಾವು ಟಿವಿಯ ಸೆಟ್‌ಟಾಪ್ ಬಾಕ್ಸ್ ಮೇಲೆ ಇಟ್ಟದ್ದು. ಸಂಶೋಧನೆ ಅಂದ್ರೆ ನನಗೆ ಇದು. ಒಂದು ಪ್ಲೇಟ್ ಗೋಳಿಬಜೆಯ ದುಡ್ಡಿಗೆ ಸಿಗುವ ವಸ್ತು, ಶಾಲೆಗೆ ಹೋಗದ ಮುದುಕಿಗೂ ಕಪ್ಪು ಬಿಳಿ ಗೊತ್ತಾಗ್ತದೆ. ಬೆಳಿಗ್ಗೆ ಎದ್ದು ನೋಡಿದ್ರೆ ನಮ್ಮ ಬಾಟ್ಲಿ ಕಾಡಿಗೆ ಕಪ್ಪು. ಮಣ್ಣಿನ ಕೆಲವು ಬ್ಯಾಕ್ಟೀರಿಯಕ್ಕೂ ಹೀಗೆ ಆಗುವ ಚಾನ್ಸ್ ಉಂಟು ಅಂತ ಲ್ಯಾಬಿಗೂ ಕೊಟ್ಟದ್ದಾಯ್ತು, ಇ-ಕೋಲಿ, ಅಂದ್ರೆ ಮಲದಿಂದ ಬರುವ ಬ್ಯಾಕ್ಟೀರಿಯ, ಇದೆ ಅಂತ ಬಂತು. 100 ಮಿಲಿ ನೀರಲ್ಲಿ ಒಂದೂ ಇರ್ಬಾರ್ದು ಅನ್ನುದು ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ.

ಸರಿ, ಈಗ ಯಾರ ಮೇಲೆ ಸಿಟ್ಟು? ನಮ್ಮ ಮೇಲಿನ ಗುಡ್ಡೆ ಜರಿದು ಲೇಔಟ್ ಮಾಡಿದ್ದಾರೆ, 5 ಸೆಂಟ್ಸಿನ ಸೈಟುಗಳು. ಅವ್ರದ್ದೇ ಅಂತ ನಾನೂ ತಮ್ಮನೂ ತೀರ್ಮಾನ ಮಾಡಿ ಆಗಿತ್ತು, ಪಂಚಾಯತಿಗೆ ಕೊಡುವ ಅರ್ಜಿಯೂ ಟೈಪಾಗಿತ್ತು, ಬರೀ ಸಹಿ ಬಾಕಿ. ಹುಡುಗಿ ತಡೆದ್ಲು. ಮೊದ್ಲು ನಮ್ಮದು ಅಲ್ಲ ಅಂತ ತೋರಿಸ್ಬೇಕಲ್ವಾ ಅಂದ್ಲು. 30 ಕೆಜಿ ಕಲ್ಲುಪ್ಪು ತರಿಸಿ, ಬಕೆಟ್‌ಗಳಲ್ಲಿ ಕರಗಿಸಿ, ಒಂದು ಶುಕ್ರವಾರ ಬೆಳಿಗ್ಗೆ ನಮ್ಮದೇ ಹೊಂಡಕ್ಕೆ ಹೊಯ್ದದ್ದು. ಹೊಂಡದಿಂದ ಬಾವಿಗೆ 42 ಅಡಿ, ಬಾವಿ ಸ್ವಲ್ಪ ಇಳಿಜಾರಲ್ಲಿ. ಆರ್‌ಓದವನನ್ನ ನೋಡಿ ನಾನೂ ತೆಗೊಂಡಿದ್ದ ಆ ಟಿಡಿಎಸ್ ಮೀಟರ್ ಈಗ ಕೆಲಸಕ್ಕೆ ಬಂತು, ದಿನಕ್ಕೆ ಮೂರು ಸಲ ನೀರು ಸೇದಿ ನೋಡಿ ಕ್ಯಾಲೆಂಡರ್ ಮೇಲೆ ಬರೆದದ್ದು. ಶನಿವಾರ 41. ಆದಿತ್ಯವಾರ ಸಂಜೆ 47. ಸೋಮವಾರ 63. ಮಂಗಳವಾರ 88.

ಅರ್ಜಿ ಹರಿದು ಹಾಕಿದೆ.

ಆಮೇಲೆ ಕೂತು ಅವ್ಳು ಹೇಳಿದ ವಿಷಯ ನನ್ನ ತಲೆಯಲ್ಲಿ ಸರಿಯಾಗಿ ಕೂತಿತು. ನಾವೆಲ್ಲ ಬಾವಿಗೂ ಹೊಂಡಕ್ಕೂ ಎಷ್ಟು ಅಡಿ ಅಂತ ಕೇಳ್ತೇವೆ, ಕೇಳ್ಬೇಕಾದದ್ದು ಎಷ್ಟು ದಿನ ಅಂತ. ನೆಲದೊಳಗೆ ನೀರು ನಿಧಾನ ಹೋದ್ರೆ ರೋಗಾಣು ದಾರಿಯಲ್ಲೇ ಸಾಯ್ತದೆ. ಜರ್ಮನಿಯಲ್ಲಿ ಕುಡಿಯುವ ನೀರಿನ ಬಾವಿ ಸುತ್ತ ಗಡಿ ಹಾಕುದು 50 ದಿನದ ಲೆಕ್ಕದಲ್ಲಿ, ಗಡಿಯಿಂದ ಬಾವಿಗೆ ನೀರು ಬರ್ಲಿಕ್ಕೆ 50 ದಿನ ಆದ್ರೂ ಬೇಕು. ನಮ್ಮದ್ರಲ್ಲಿ 3 ದಿನ! ಸಣ್ಣ ಮರಳಲ್ಲಿ 42 ಅಡಿ ದೊಡ್ಡ ದೂರ, ಮುರಕಲ್ಲಲ್ಲಿ ಅದು ಪಕ್ಕದ ಕೋಣೆ. ಮನೆ ಕಟ್ಟುವಾಗ ಕಲ್ಲು ನೋಡಿದವ್ರಿಗೆಲ್ಲ ಗೊತ್ತು, ಜೇನುಗೂಡಿನ ಹಾಗೆ ತೂತು ತೂತು, ಒಳಗೆ ಬೆರಳು ಹೋಗುವಷ್ಟು ದೊಡ್ಡ ಬಿಲಗಳು. ಇದೇ ಕಲ್ಲಿಗೆ 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟ್ರು ಫ್ರಾನ್ಸಿಸ್ ಬುಕನನ್ ಕೇರಳದ ಅಂಗಾಡಿಪುರಂನಲ್ಲಿ ನೋಡಿದ್ದನ್ನ ಬರೆದು ಲ್ಯಾಟರೈಟ್ ಅಂತ ಹೆಸ್ರಿಟ್ಟದ್ದು, ಲ್ಯಾಟಿನ್‌ನಲ್ಲಿ ಲೇಟರ್ ಅಂದ್ರೆ ಇಟ್ಟಿಗೆ. ಕೆಳಗೆ ಹೋದ್ರೆ ಶೇಡಿ ಮಣ್ಣು, ಅಂದ್ರೆ ಬಿಳಿ ಜೇಡಿ ಮಣ್ಣು, ಅದು ನೀರು ಬಿಡುದಿಲ್ಲ, ಹಾಗಾಗಿ ಮೇಲಿನ ನೀರೆಲ್ಲ ಅದ್ರ ಮೇಲೆ ಜಾರಿ ಒರತೆ ಆಗಿ ಬಾವಿಗೆ ಬರುದು. ಅದ್ರ ಮೇಲೆ ವರ್ಷಕ್ಕೆ 4000 ಮಿಲಿಮೀಟರ್ ಹತ್ರ ಮಳೆ, ಮುಕ್ಕಾಲಿಗಿಂತ ಜಾಸ್ತಿ ಜೂನಿಂದ ಸೆಪ್ಟೆಂಬರ್ ಒಳಗೆ. ಆಟಿಯಲ್ಲಿ, ಅಂದ್ರೆ ಜುಲೈ-ಆಗಸ್ಟ್‌ನ ಮಳೆಗೆ, ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬರ್ತದಲ್ಲ, ಆಗ ಹೊಂಡದ ಅಡಿ ನೀರೊಳಗೇ ಮುಳುಗಿರ್ತದೆ. ಸೋಸ್ಲಿಕ್ಕೆ ಒಣ ಮಣ್ಣೇ ಉಳಿಯುದಿಲ್ಲ.

ಇನ್ನು 5 ಸೆಂಟ್ಸ್ ಲೆಕ್ಕ ನೋಡಿ. 5 ಸೆಂಟ್ಸ್ ಅಂದ್ರೆ 2178 ಚದರ ಅಡಿ, ಚೌಕ ಇದ್ರೆ ಒಂದು ಬದಿ 46-47 ಅಡಿ. ಬಾವಿಯಿಂದ ಹೊಂಡ 50 ಅಡಿ ದೂರ ಇರ್ಬೇಕು ಅಂತ ವೈದ್ಯಕೀಯ ಪುಸ್ತಕದಲ್ಲಿ ಓದಿಸ್ತಾರೆ. ಮನೆ, ಕಾರ್ ನಿಲ್ಸುವ ಜಾಗ, ತುಳಸಿಕಟ್ಟೆ, ಬಾವಿ, ಹೊಂಡ ಎಲ್ಲ ಅದ್ರೊಳಗೆ ಹೇಗೆ ಹಿಡೀತದೆ? ನಿಮ್ಮ ಬಾವಿಯಿಂದ ನಿಮ್ಮ ಹೊಂಡ ಮೂಲೆಯಲ್ಲಿ ದೂರ ಇಟ್ರೆ ಪಕ್ಕದ ಮನೆ ಬಾವಿಗೆ ಅದು ಹತ್ರ.

ಲಂಡನ್ನಿನ 1854ರ ಕಾಲರಾ, ಜಾನ್ ಸ್ನೋ ಡಾಕ್ಟ್ರು ಕಾಲರಾ ಹರಡ್ತಿದ್ದ ಬಾವಿಯ ಪಂಪಿನ ಹಿಡಿ ತೆಗೆಸಿದ ಕಥೆ ಸುಮಾರು ಜನ ಕೇಳಿರ್ತೀರಿ. ಮರುವರ್ಷ ಅಲ್ಲೇ ಅಗೆದು ನೋಡಿದಾಗ ಪಕ್ಕದ ಮನೆಯ ಹೊಂಡದ ಇಟ್ಟಿಗೆ ಕಟ್ಟಣೆ ಸಡಿಲಾಗಿತ್ತು, ಬಾವಿಗೂ ಅದಕ್ಕೂ ನಡುವೆ 3 ಅಡಿಯೂ ಇರ್ಲಿಲ್ಲ. 170 ವರ್ಷ ಆಯ್ತು. ಇನ್ನೊಂದು ನಮ್ಮದೇ ದೇಶದ್ದು, 1955-56ರಲ್ಲಿ ದೆಹಲಿಯಲ್ಲಿ ಚರಂಡಿ ನೀರು ಯಮುನೆಯಲ್ಲಿ ಹಿಂದೆ ಸರಿದು ನೀರೆತ್ತುವ ಜಾಗಕ್ಕೇ ಬಂದು ಸುಮಾರು 29,000 ಜನಕ್ಕೆ ಕಾಮಾಲೆ. ಕ್ಲೋರಿನ್ ಹಾಕಿದ್ರಿಂದ ಟೈಫಾಯ್ಡ್ ಏರ್ಲಿಲ್ಲ, ವೈರಸ್ ಮಾತ್ರ ದಾಟಿ ಹೋಯ್ತು. ನಮ್ಮ ಬಾಟ್ಲಿಯೂ ಹಿಡಿಯುದು ಬ್ಯಾಕ್ಟೀರಿಯವನ್ನ, ವೈರಸ್ಸನ್ನ ಅಲ್ಲ, ಹಾಗಾಗಿ ಬಾಟ್ಲಿ ಕಪ್ಪಾಗ್ಲಿಲ್ಲ ಅಂತ ಕುದಿಸದೆ ಕುಡೀಬೇಡಿ. ಕುದಿಸುದು ಅಂದ್ರೆ ಗುಳ್ಳೆ ಎದ್ದು ಮಗುಚುವ ಹಾಗೆ ಒಂದು ನಿಮಿಷ. ಸಭಾಭವನಗಳಲ್ಲಿ ಕುದಿಸಿದ ನೀರಿಗೆ ಪೈಪಿನ ತಣ್ಣೀರು ಬೆರೆಸಿ ಜೀರಿಗೆ ಬಣ್ಣ ಮಾಡಿ ಕೊಡ್ತಾರಲ್ಲ, ಅದಕ್ಕಿಂತ ನಾಟಕ ಬೇರೆ ಇಲ್ಲ.

ನನ್ನ ಸಿಟ್ಟು ಎಲ್ಲಿ ಅಂದ್ರೆ, ಇದಕ್ಕೆ ಪರಿಹಾರ ಗೊತ್ತಿಲ್ಲದ್ದಲ್ಲ. ನೀರು ಬೇಗ ಇಳಿಯುವ ಜಾಗದಲ್ಲಿ ಹೊಂಡದ ಅಡಿ ಮುಚ್ಚಿ, ಸುತ್ತ ಅರ್ಧ ಮೀಟರ್ ದಪ್ಪಕ್ಕೆ ಸಣ್ಣ ಮರಳು ತುಂಬಿಸ್ಬೇಕು ಅಂತ ಸರ್ಕಾರದ ಕೈಪಿಡಿಯಲ್ಲೇ ಉಂಟು, ನಮ್ಮ ಕಡೆ ಯಾವ ಮೇಸ್ತ್ರಿಯೂ ಮಾಡಿದ್ದು ನಾನು ನೋಡ್ಲಿಲ್ಲ. ಹೇಳಿದ್ರೆ "ಅಡಿ ಕಾಂಕ್ರೀಟ್ ಮಾಡಿದ್ರೆ ಬೇಗ ತುಂಬ್ತದೆ ಅಣ್ಣ" ಅಂತ. ತುಂಬ್ಬೇಕು ಮಾರಾಯ, ಅದು ಇರುದೇ ತುಂಬ್ಲಿಕ್ಕೆ! ಮನೆಗೆ ಲೈಸೆನ್ಸ್ ಕೊಡುವಾಗ ಸೆಟ್‌ಬ್ಯಾಕ್ ಅಳೀತಾರೆ, ರಸ್ತೆ ಅಗಲ ಅಳೀತಾರೆ, ಆಟಿಯಲ್ಲಿ ಬಾವಿ ನೀರು ಎಷ್ಟು ಮೇಲೆ ಬರ್ತದೆ ಅಂತ ಒಂದು ಪ್ರಶ್ನೆ ಕೇಳುದಿಲ್ಲ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಯಲ್ಲಿ ಇಂಜಿನಿಯರಿಂಗ್ ಕಾಲೇಜೂ ಮೆಡಿಕಲ್ ಕಾಲೇಜೂ ಎಷ್ಟುಂಟು, ವರ್ಷ ವರ್ಷ ಮಕ್ಕಳು ಪ್ರಾಜೆಕ್ಟ್ ಅಂತ ಬೈಂಡ್ ಮಾಡಿ ಇಡ್ತಾರೆ. ಉಪ್ಪಿನ ಮೂಟೆ, ಮೀಟರ್, ಬಾಟ್ಲಿ ಹಿಡ್ಕೊಂಡು ಊರಿಗೆ 10 ಬಾವಿ ನೋಡಿದ್ರೂ ಯಾವ ಗುಡ್ಡೆಯಲ್ಲಿ ಎಷ್ಟು ದಿನ ಅಂತ ಒಂದು ಮ್ಯಾಪ್ ಆಗ್ತಿತ್ತು.

ನಾವು ಹಳೆ ಹೊಂಡ ಲಾರಿ ತರಿಸಿ ಖಾಲಿ ಮಾಡಿಸಿ ಮುಚ್ಚಿದೆವು. ಬಾವಿಯ ಕೆಳಬದಿಗೆ ಎರಡು ಕೋಣೆಯ ಟ್ಯಾಂಕ್, ಅಡಿ ಸಮೇತ ಕಾಂಕ್ರೀಟ್, ಹೊರಗೆ ಬರುವ ನೀರು ತೆಂಗಿನ ಸಾಲಿಗೆ, ಹೆಚ್ಚು ಆಳ ಇಲ್ಲದ ಕಣಿಯಲ್ಲಿ. ಬಾವಿಗೆ ಬ್ಲೀಚಿಂಗ್ ಪೌಡರ್ ಲೆಕ್ಕ ಮಾಡಿ ಹಾಕಿದ್ದು, 1000 ಲೀಟರಿಗೆ 2.5 ಗ್ರಾಂ, ನಮ್ಮದ್ರಲ್ಲಿ ಸುಮಾರು 22,000 ಲೀಟರ್ ನೀರು, ಅಂದ್ರೆ 55 ಗ್ರಾಂ ಸಾಕು. ಮೊದಲೆಲ್ಲ ಒಂದು ಕೆಜಿ ಹಾಗೇ ಸುರಿದು, ವಾಸನೆಗೆ ಅಮ್ಮ ಬೈದು, ಇಡೀ ವರ್ಷ ಆಮೇಲೆ ಮುಟ್ಟುತ್ತಿರ್ಲಿಲ್ಲ. ಈ ಸಲ ಜೂನಲ್ಲಿ ಇಟ್ಟ ಬಾಟ್ಲಿ ಕಪ್ಪಾಯ್ತು, ಜುಲೈಯದ್ದು ನಸು ಬೂದಿ, ಅದನ್ನ ಎಂತ ಅಂತ ಓದುದೋ ಗೊತ್ತಾಗ್ಲಿಲ್ಲ. ನಿನ್ನೆ ಇನ್ನೊಂದು ಇಟ್ಟಿದ್ದೇನೆ, ಸೆಟ್‌ಟಾಪ್ ಬಾಕ್ಸ್ ಮೇಲೆ. ಮೇಲಿನ ಲೇಔಟಿನ ಒಬ್ರು ಬಂದು ಅವ್ರ ಬಾವಿಯದ್ದೂ ಒಂದು ಇಟ್ಟು ಹೋಗಿದ್ದಾರೆ, ಎರಡೂ ಪಕ್ಕ ಪಕ್ಕ ಉಂಟು.