ಅಮ್ಮನಿಗೆ ಒಂದು ನಿಮಿಷ ನಿಲ್ಲಲೂ ಜಾಗ ಇಲ್ವಾ?

ಮೊನ್ನೆ ಶನಿವಾರ ಅಮ್ಮನನ್ನು ಜರ್ಮನಿಯ ಹಳೆಯ ಕೋಟೆ ಊರು ರೋಥೆನ್‌ಬುರ್ಗ್‌ಗೆ ಕರೆದುಕೊಂಡು ಹೋಗಿದ್ದೆ. ಷ್ಟೈನಾಖ್‌ನಲ್ಲಿ ರೈಲು ಬದಲಿಸಿ, ಮಂಡಿ ನೋವಿನಲ್ಲೇ ಕಲ್ಲುಹಾಸಿನ ಬೀದಿ ದಾಟಿ, ಅವರು ಪ್ಲೋನ್‌ಲೈನ್ ಎಂಬ ಪುಟ್ಟ ಚೌಕದ ಮುಂದೆ ನಿಂತರು. ದಾರಿ ಕವಲೊಡೆಯುವಲ್ಲಿ ಆ ಹಳದಿ ಮನೆ, ಎರಡೂ ಕಡೆ ಗೋಪುರ. ಅಮ್ಮ ಕಣ್ತುಂಬ ನೋಡುವಷ್ಟರಲ್ಲಿ ಸೆಲ್ಫಿ ಕೋಲು ಹಿಡಿದವರೊಬ್ಬರು ಕೈ ಬೀಸಿದರು. ಸರಿಯಿರಿ, ಫೋಟೋಗೆ ಅಡ್ಡ! ಅಮ್ಮ ಪಾಪ ಸುಮ್ನೆ ಪಕ್ಕಕ್ಕೆ ಹೋದರು. ನನಗೆ ಮೈಯೆಲ್ಲ ಉರಿಯಿತು.

ಪ್ರತಿ ಸಲವೂ ಇದೇ ಕಥೆ. ಬಸ್ಸು ಬರುತ್ತದೆ, ಜನ ಇಳಿಯುತ್ತಾರೆ, ಒಂದು ಫೋಟೋ, ಷ್ನೇಬಾಲ್ ಎಂಬ ಒಂದು ಸಿಹಿ ಉಂಡೆ, ಜೂನ್ ತಿಂಗಳಲ್ಲೂ ಕ್ರಿಸ್ಮಸ್ ಗೊಂಬೆ, ಮತ್ತೆ ಬಸ್ಸು. ಊರನ್ನು ನೋಡಿದ್ದು ಯಾವಾಗ?

ಸಂತ ಯಾಕೋಬ್ ಚರ್ಚಿನ ಮೆಟ್ಟಿಲು ಹತ್ತಿದರೆ ರೀಮೆನ್‌ಷ್ನೈಡರ್ ಮರದಲ್ಲಿ ಕೆತ್ತಿದ ಯೇಸುವಿನ ಕೊನೆಯ ಭೋಜನದ ದೃಶ್ಯವಿದೆ. 500 ವರ್ಷ ಹಳೆಯದು. ನಟ್ಟನಡುವೆ ನಿಂತಿರುವುದು ಯೇಸು ಅಲ್ಲ, ಅವನಿಗೆ ದ್ರೋಹ ಬಗೆದ ಯೂದ! ಎಂಥ ಧೈರ್ಯ ಆ ಶಿಲ್ಪಿಯದು! ನಾವು ಹೋದಾಗ ಅಲ್ಲಿ ನಾಲ್ಕೇ ಜನ. ಕೆಳಗೆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ.

ಕೋಟೆ ಗೋಡೆಯ ಮೇಲೂ ಅಷ್ಟೇ. 1945ರ ಮಾರ್ಚ್ 31ರ ಬಾಂಬ್ ದಾಳಿಯಲ್ಲಿ ಬಿದ್ದ ಭಾಗವನ್ನು ದೇಶ ದೇಶಗಳ ಜನ ದುಡ್ಡು ಕೊಟ್ಟು ಕಟ್ಟಿಸಿದರು. ಅವರ ಹೆಸರುಗಳು ಕಲ್ಲಿನಲ್ಲೇ ಇವೆ. ಅಮ್ಮ ಒಂದೊಂದನ್ನೂ ಬೆರಳಿಟ್ಟು ಓದುತ್ತಿದ್ದರು. ಹಿಂದಿನಿಂದ ಮತ್ತೆ ಅದೇ ಮಾತು. ಸ್ವಲ್ಪ ಸರಿಯಿರಿ! ಎಲ್ಲಿಗೆ ಅಂತ ಸರಿಯಬೇಕು?